ಮೇಲೆ ಥಳಕು, ಒಳಗೆ ಹುಳುಕು ಬೇಡ

 

ಹೋದ ವರ್ಷ ತಾಲ್ಲೂಕು ವಿಜ್ಞಾನ ವಸ್ತುಪ್ರದರ್ಶನಕ್ಕೆ ನಾನು ನೀರಿನ ಟ್ಯಾಂಕಿನ ಅಲಾರಂ ಮಾಡಿಕೊಂಡು ಹೋಗಿದ್ದೆ. ಥರ್ಮಾಕೋಲ್ ಡಬ್ಬಕ್ಕೆ ನೀಲಿ ಬಣ್ಣ ಬಳಿದು, ಸುತ್ತಲೂ ಚಮ್ಕಿ ಅಂಟಿಸಿದ್ದೆ. ಮನೆಯಲ್ಲಿ ಹತ್ತು ಸಲ ನೋಡಿದಾಗ ಹತ್ತು ಸಲವೂ ಕೂಗಿತ್ತು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಜೋಪಾನವಾಗಿ ಹೋದೆ. ತೀರ್ಪುಗಾರರು ಬಂದು "ಎಲ್ಲಿ, ತೋರಿಸಪ್ಪಾ" ಅಂದಾಗ ಅದು ಬಾಯೇ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಮನೆಗೆ ಬಂದು ಬಿಚ್ಚಿ ನೋಡಿದರೆ ಒಳಗೆ ಒಂದು ತಂತಿ ಬಿಟ್ಟುಕೊಂಡಿತ್ತು. ಬೆಸುಗೆ ಹಾಕದೆ ಬರೀ ತಿರುಚಿ ಟೇಪ್ ಸುತ್ತಿದ್ದೆ. ಬಣ್ಣ ಬಳಿಯಲು ಎರಡು ದಿನ ಕೂತವನು ತಂತಿ ಜೋಡಿಸಲು ಅರ್ಧ ಗಂಟೆಯೂ ಕೂತಿರಲಿಲ್ಲ.

ಆವತ್ತಿನಿಂದ ನನ್ನ ಅಭಿಪ್ರಾಯ ಇದು: ಅಚ್ಚುಕಟ್ಟು ಅಂದರೆ ಬಣ್ಣ ಅಲ್ಲ. ಅಲುಗಿದರೂ ಕೆಡಬಾರದು, ಮಾಡಿದವನು ಪಕ್ಕದಲ್ಲಿ ಇಲ್ಲದಿದ್ದರೂ ಬೇರೆಯವರು ಬಳಸುವಂತಿರಬೇಕು. ಅದೇ ಅಚ್ಚುಕಟ್ಟು.

ಇದನ್ನು ಹೇಳಿದರೆ ಒಬ್ಬ ಗೆಳೆಯ, "ಅಂಗಡಿ ಮಾಲಿನ ಹಾಗೆ ಮಾಡೋಕೆ ದುಡ್ಡು ಬೇಕು ಕಣೋ" ಅಂದ. ನಾನು ಒಪ್ಪಲ್ಲ. ಅದೇ ಅಲಾರಂ ಅನ್ನು ಮತ್ತೆ ಮಾಡಿದೆ. 9 ವೋಲ್ಟ್ ಬ್ಯಾಟರಿ, ಒಂದು ಬಿಸಿ 547 ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್, ಒಂದು ಬಜರ್. ಎಲ್ಲ ಹಳೆಯವೇ. ಟ್ಯಾಂಕಿನಲ್ಲಿ ಇಳಿಬಿಟ್ಟ ಎರಡು ತಂತಿಗಳಿಗೆ ನೀರು ತಾಗಿದರೆ, ನೀರಿನ ಮೂಲಕ ಚೂರು ಕರೆಂಟು ಟ್ರಾನ್ಸಿಸ್ಟರ್‌ನ ಬೇಸಿಗೆ ಹೋಗುತ್ತೆ. ಆಗ ಅದು ಬಜರ್‌ಗೆ ದಾರಿ ಬಿಡುತ್ತೆ. ಹೊಸದಾಗಿ ಬೇಕಾಗಿದ್ದು ತೂತುಗಳಿರುವ ಚಿಕ್ಕ ಬೋರ್ಡ್ ಮಾತ್ರ. ಅದರ ತೂತುಗಳು ಸಾಲಾಗಿ 2.54 ಮಿಲಿಮೀಟರಿಗೆ ಒಂದೊಂದು, ಅಂದರೆ ಅಂಗುಲದ ಹತ್ತನೇ ಒಂದು ಭಾಗಕ್ಕೆ ಒಂದೊಂದು. ಆ ಸಾಲಿನಲ್ಲಿ ಕೂರಿಸಿದರೆ ಬಿಡಿಭಾಗಗಳು ತಾವೇ ನೇರವಾಗಿ ನಿಲ್ಲುತ್ತವೆ.

ಬೆಸುಗೆಯಲ್ಲಿ ನಾನು ಮಾಡುತ್ತಿದ್ದ ತಪ್ಪು ಒಂದೇ. ಸೀಸದ ತಂತಿಯನ್ನು ಕಾದ ಐರನ್ ತುದಿಯಲ್ಲಿ ಕರಗಿಸಿ, ತಂದು ಮೆತ್ತುತ್ತಿದ್ದೆ. ಹಾಗಲ್ಲ. ಮೊದಲು ಐರನ್ನಿನಿಂದ ಬೋರ್ಡಿನ ತಾಮ್ರ ಮತ್ತು ಬಿಡಿಭಾಗದ ಕಾಲು ಎರಡನ್ನೂ ಒಟ್ಟಿಗೆ ಕಾಯಿಸಬೇಕು, ಆಮೇಲೆ ಸೀಸವನ್ನು ಅವುಗಳಿಗೆ ಮುಟ್ಟಿಸಬೇಕು. ಸರಿಯಾದ ಬೆಸುಗೆ ಪುಟ್ಟ ಗೋಪುರದ ಹಾಗೆ ಕಾಲನ್ನು ಅಪ್ಪಿಕೊಂಡು ಹೊಳೆಯುತ್ತೆ. ಗುಂಡಗೆ ಗೋಲಿಯಂತೆ ಕೂತಿದ್ದರೆ ಒಳಗೆ ಹಿಡಿದಿಲ್ಲ ಅಂತಲೇ ಅರ್ಥ. ಇದನ್ನೇ ಟಿ.ವಿ. ರಿಪೇರಿಯವರು ಡ್ರೈ ಸೋಲ್ಡರ್ ಅನ್ನುತ್ತಾರೆ. ಸೀಸ ವಿಷ, ಆದ್ದರಿಂದ ಕಿಟಕಿ ತೆಗೆದಿಟ್ಟು ಕೆಲಸ ಮಾಡಿ, ಊಟಕ್ಕೆ ಮುಂಚೆ ಕೈ ತೊಳೆಯಲೇಬೇಕು. ಮನೆಯ 230 ವೋಲ್ಟ್ ಕರೆಂಟಿನ ತಂಟೆಗೆ ನಾವು ಹೋಗುವುದೇ ಬೇಡ, ಬ್ಯಾಟರಿಯೇ ಸಾಕು.

ಡಬ್ಬಕ್ಕೆ ಹಳೇ ಸೋಪಿನ ಡಬ್ಬಿ. ಅದರ ಮೇಲೆ ಗ್ರಾಫ್ ಹಾಳೆ ಅಂಟಿಸಿ, ಸ್ಕೇಲಿನಲ್ಲಿ ಅಳೆದು ಗುರುತು ಮಾಡಿ, ಕೈವಾರದ ಮೊನೆಯಿಂದ ಚುಚ್ಚಿ, ಮೆಲ್ಲಗೆ ದೊಡ್ಡದು ಮಾಡಿ, ಕೊನೆಗೆ ಹಾಳೆ ಕಿತ್ತರೆ ತೂತು ಓರೆಯಾಗಲ್ಲ. ಹೊರಗೆ ಹೋಗುವ ತಂತಿಗೆ ಡಬ್ಬಿಯ ಒಳಗಡೆ ಒಂದು ಗಂಟು ಹಾಕಿದೆ. ಈಗ ಯಾರಾದರೂ ಎಳೆದರೆ ಗಂಟು ತಡೆಯುತ್ತೆ, ಬೆಸುಗೆ ಕೀಳಲ್ಲ. ಪ್ಲಸ್‌ಗೆಲ್ಲ ಕೆಂಪು ತಂತಿ, ಮೈನಸ್‌ಗೆಲ್ಲ ಕಪ್ಪು. ಇದಕ್ಕೆಲ್ಲ ಎಷ್ಟು ದುಡ್ಡಾಯಿತು ಹೇಳಿ? ತಾಳ್ಮೆ ಮಾತ್ರ ಖರ್ಚಾಯಿತು.

ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟ 1975ರ ಏಪ್ರಿಲ್ 19ರಂದು ಹಾರಿತು. 360 ಕಿಲೋ ತೂಕದ ಅದನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಜಾಗ ಸಾಧಾರಣ, ಕೆಲಸ ಸಾಧಾರಣವಲ್ಲ. ರಾಕೆಟ್ಟು ಏರುವಾಗ ವಿಪರೀತ ಅದುರುತ್ತೆ, ಹಾಗಾಗಿ ಉಪಗ್ರಹಗಳನ್ನು ಕಳಿಸುವ ಮುಂಚೆಯೇ ಯಂತ್ರದ ಮೇಲಿಟ್ಟು ಜೋರಾಗಿ ಅದುರಿಸಿ ನೋಡುತ್ತಾರೆ. ನಾನು ನನ್ನ ಡಬ್ಬಿಯನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿ ಕೆರೆ ಏರಿಯ ಮೇಲೆ ಎರಡು ಸುತ್ತು ಹೊಡೆದೆ. ಇಳಿಸಿ ನೀರು ಮುಟ್ಟಿಸಿದೆ, ಕೂಗಿತು!

ಆದರೂ ಒಂದು ಬಾಕಿ ಇತ್ತು. ಅಜ್ಜಿಗೆ ಕೊಟ್ಟಾಗ "ಎಲ್ಲಿ ಒತ್ತಬೇಕೋ ಮಗಾ?" ಅಂದರು. ಸ್ವಿಚ್ಚಿನ ಪಕ್ಕ ನಾನು ಇಂಗ್ಲಿಷಿನಲ್ಲಿ 'ಆನ್' 'ಆಫ್' ಅಂತ ಬರೆದಿದ್ದೆ. ಅಜ್ಜಿಗೆ ಕನ್ನಡವೂ ಓದೋಕೆ ಬರಲ್ಲ. ಅದನ್ನು ಅಳಿಸಿ, ಆನ್ ಕಡೆಗೆ ಕುಂಕುಮದ ಬೊಟ್ಟಿನಷ್ಟು ಕೆಂಪು ಚುಕ್ಕೆ ಇಟ್ಟೆ. ಆವತ್ತಿನಿಂದ ಅವರು ನನ್ನನ್ನು ಕೇಳಿಲ್ಲ. ಮೋಟಾರ್ ಹಾಕಿ, ಅಲಾರಂ ಕೂಗಿದರೆ ಅವರೇ ಆರಿಸುತ್ತಾರೆ. ಟ್ಯಾಂಕ್ ತುಂಬಿ ಅಂಗಳಕ್ಕೆ ನೀರು ಹರಿಯುವುದು ನಿಂತಿದೆ. ನನಗೆ ಸಿಕ್ಕ ಬಹುಮಾನ ಅದೇ.

ಕೊನೆಗೆ ನಮ್ಮ ವಿಜ್ಞಾನದ ಮೇಷ್ಟ್ರಲ್ಲಿ ಒಂದು ವಿನಂತಿ. ಈ ಸಲದ ಶಾಲಾ ಪ್ರದರ್ಶನದಲ್ಲಿ ಪ್ರತಿ ಮಾದರಿಯ ಮುಚ್ಚಳ ತೆಗೆಸಿ ಒಳಗೆ ನೋಡಿ ಸರ್. ಒಮ್ಮೆ ಅಲುಗಾಡಿಸಿ. ಆಮೇಲೆ ಅದನ್ನು ಮಾಡದೇ ಇರುವ ಒಬ್ಬರ ಕೈಗೆ ಕೊಟ್ಟು ನಡೆಸಲು ಹೇಳಿ. ಅಂಕ ಅದಕ್ಕೆ ಕೊಡಿ. ಚಮ್ಕಿ ಕೊಳ್ಳಲು ದುಡ್ಡಿಲ್ಲದವರೂ ಆಗ ಗೆಲ್ಲಬಹುದು.

ನನ್ನದು ತಪ್ಪು ಅನ್ನಿಸಿದರೆ ಮುಂದಿನ ಸಂಚಿಕೆಯಲ್ಲಿ ಬರೆಯಿರಿ. ಓದುತ್ತೇನೆ.

— ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ