ಎಲಿ ನೋಡಿ ರೊಕ್ಕ ಚೆಲ್ಲಬ್ಯಾಡ್ರಿ, ಬೇರು ನೋಡ್ರಿ

ನಮ್ಮ ಇಟಗಿ ಜ್ವಾಳ, ಸಜ್ಜಿ, ಕಡ್ಲಿ ಬೆಳಿಯೋ ಒಣ ಭೂಮಿ. ಆದ್ರ ಗಂಗಾವತಿ ಕಡೆ ನೆಲ್ಲು ಹಚ್ಚಾಕ ಹೋಗಿಬಂದ ಹೆಣಮಕ್ಕಳು ನಮ್ಮ ಓಣ್ಯಾಗ ಅದಾರ, ಆ ಕಡೆ ಮಗಳನ್ನ ಕೊಟ್ಟವರೂ ಅದಾರ. ಹಂಗಾಗಿ ಈ ಜಗಳ ನಮ್ಮದೂ ಹೌದು.

ನೆಲ್ಲಿನ ಎಲಿ ಹಳದಿ ಆತು ಅಂದ್ರ ಗಂಡಸರು ಗದ್ದಿಗೆ ಇಳಿಯೂದಿಲ್ಲ, ಅಂಗಡಿಗೆ ಹೋಗ್ತಾರ. "ಇನ್ನೊಂದು ಚೀಲ ಯೂರಿಯಾ ಒಗೀರಿ" ಅಂತ ಅಂಗಡ್ಯಾವ ಹೇಳ್ತಾನ, ಉದ್ರಿ ಬರೀತಾನ. ಸುಗ್ಗಿ ಕೈ ಕೊಟ್ರ ಆ ಉದ್ರಿ ತೀರಸಾಕ ಒತ್ತಿ ಬೀಳೂದು ಯಾರ ಬೆಂಡೋಲಿ? ನಮ್ಮದು. ರೊಕ್ಕ ನಮ್ಮದಾದ ಮ್ಯಾಲೆ ಮಾತೂ ನಮ್ಮದ ಇರಬೇಕು.

ಬೇರು ಅಂದ್ರ ಸುಮ್ನ ನೀರು ಎಳಿಯೋ ಕೊಳವಿ ಅಲ್ರೀ. ಮಣ್ಣಾಗ ತಿನ್ನಾಕ ಕಡಿಮಿ ಆತು ಅಂದ್ರ ನೆಲ್ಲು ತನ್ನ ಗಳಿಕಿ ಎಲಿಗೆ ಕಡಿಮಿ, ಬೇರಿಗೆ ಜಾಸ್ತಿ ಕೊಡತೈತಿ. ಸಾರಜನಕ ಕಡಿಮಿ ಆದ್ರ ಬೇರು ಉದ್ದ ಹೊಕ್ಕಾವು. ಡಿಎಪಿಯೊಳಗಿನ ರಂಜಕ ಮಣ್ಣಿಗೆ ಅಂಟಿಕೊಂಡು ಕುಂತಲ್ಲೇ ಕುಂದ್ರತೈತಿ, ಬೇರೇ ಅದರ ಹತ್ರ ಹೋಗಬೇಕು. ಅದಕ್ಕ ಕೂದಲಿನಂಥ ಸಣ್ಣ ಎಳಿ ಬಿಟ್ಟು ಹುಡುಕತೈತಿ. ಹಿತ್ತಾಳಿ ಕೊಡಕ್ಕ ನಾವು ಹುಣಸಿಹಣ್ಣು ಹಚ್ಚಿ ಕಿಲುಬು ಬಿಡಸ್ತೀವಲ್ಲ, ಹಂಗ ಬೇರೂ ಹುಳಿ ಬಿಟ್ಟು ಮಣ್ಣಿಗೆ ಹತ್ತಿದ್ದನ್ನ ಬಿಡಸ್ತೈತಿ. ನಿಂತ ನೀರಾಗ ಉಸಿರು ಕಟ್ಟಬಾರದು ಅಂತ ಮ್ಯಾಲಿನ ಗಾಳಿಯನ್ನ ತನ್ನೊಳಗಿನ ಸಂದಿನ್ಯಾಗ ಹಾಯಿಸಿ ಕೆಳಗ ಒಯ್ಯತೈತಿ. ಆ ಗಾಳಿ ಹೊರಗ ಸೋರಿ ಮಣ್ಣಿನ ಕಬ್ಬಿಣಕ್ಕ ತಾಗಿದಲ್ಲಿ ಬೇರಿಗೆ ತುಕ್ಕಿನ ಬಣ್ಣ ಹತ್ತತೈತಿ. ಗದ್ದ್ಯಾಗ ಕೆಲಸ ಮಾಡಿದವರು ಆ ಕೆಂಪು ಕಂಡಾರ, ಏನದು ಅಂತ ಕೇಳಿದವರು ಕಡಿಮಿ.

ಕಸಲತ್ ಅನ್ನೋ ನಮ್ಮ ದೇಶದ ಹಳೇ ನೆಲ್ಲಿನ ತಳಿಯೊಳಗ ಒಂದು ವಂಶವಾಹಿ ಐತಿ. ಸಸಿ ಸಣ್ಣದಿದ್ದಾಗಲೇ ಅದು ಬೇರು ಬೆಳಸ್ತೈತಿ, ರಂಜಕ ಕಡಿಮಿ ಇರೋ ಮಣ್ಣಾಗೂ ಸಸಿ ಉಣ್ಣುವಂಗ ಮಾಡತೈತಿ. ವಿಜ್ಞಾನಿಗಳು 2012ರಾಗ ಅದನ್ನ ಗುರುತಿಸಿದ್ರು. ರಂಜಕ ಇಲ್ಲದಾಗ ಸೊರಗೋ ಹೊಸ ತಳಿಗಳನ್ನ ತೆಗೆದು ನೋಡಿದ್ರ, ಅವುಗಳೊಳಗ ಆ ವಂಶವಾಹಿನೇ ಇರಲಿಲ್ಲ! ಗೊಬ್ಬರ ಹಾಕಿದ ನೀರಾವರಿ ಗದ್ದ್ಯಾಗ ಆರಿಸಿಕೊಂತ ಬಂದ್ರ ಹುಡುಕೋ ಗುಣ ಯಾರಿಗೆ ಬೇಕಾಗತೈತಿ? ಎಲ್ಲಾ ಕೈಗೆ ಕೊಟ್ಟು ಬೆಳಸಿದ ಮಗನ ಕಥಿ ನಮಗ ಗೊತ್ತಿಲ್ಲೇನು?

"ಹಂಗಾದ್ರ ಗೊಬ್ಬರನ ಬ್ಯಾಡೇನಬೇ?" ಅಂತ ಕೇಳಬಹುದು. ನಾ ಹಂಗ ಅನ್ನೂದಿಲ್ಲ. ಬೇರು ಹುಡುಕತೈತಿ ಖರೆ, ಇಲ್ಲದ್ದನ್ನ ಹುಟ್ಟಸೂದಿಲ್ಲ. ವರ್ಷಕ್ಕ ಎರಡು ಬೆಳಿ ತೆಗೆದು ಮಣ್ಣಿಗೆ ಏನೂ ತಿರುಗಿಸಿ ಕೊಡದಿದ್ರ, ಎಂಥಾ ಶಾಣ್ಯಾ ಬೇರಾದ್ರೂ ಬರಿ ಗಡಗಿ ಕೆರೀಬೇಕು. ತಿಪ್ಪಿ ಗೊಬ್ಬರ ಹಾಕ್ರಿ. ಸರಕಾರಿ ಗೊಬ್ಬರ ಬೇಕಾದ್ರ ಅದನ್ನೂ ಹಾಕ್ರಿ. ಆದ್ರ ಯಾವುದು ಕಡಿಮಿ ಐತಿ ಅಂತ ಗೊತ್ತು ಮಾಡಿಕೊಂಡು ಹಾಕ್ರಿ.

ಯೂರಿಯಾದಾಗ ಇರೂದು ಸಾರಜನಕ ಒಂದೇ. ನೀರು ನಿಂತ ಸವುಳು ಮಣ್ಣಾಗ ಕಡಿಮಿ ಬೀಳೂದು ಜಿಂಕ್ ಇರಬಹುದು. ಹಚ್ಚಿದ ಎರಡು–ನಾಲ್ಕು ವಾರಕ್ಕ ಎಲಿ ಮ್ಯಾಲೆ ತುಕ್ಕಿನಂಥ ಚುಕ್ಕಿ ಬಂದ್ರ ಯೂರಿಯಾ ಏನು ಮಾಡೀತು? ಹೊಟ್ಟಿ ನೋವಿಗೆ ಹಣಿಗೆ ಮುಲಾಮು ಹಚ್ಚಿದಂಗ. ಮ್ಯಾಲಾಗಿ ಸಾರಜನಕ ಜಾಸ್ತಿ ಆದ್ರ ಬೆಳಿ ಕರೀ ಹಸರಾಗಿ ಮಲಗತೈತಿ, ಜಿಗಿಹುಳ ಬರ್ತಾವು, ಆಮ್ಯಾಲೆ ಔಷಧಿ ಉದ್ರಿ ಬ್ಯಾರೆ.

ಅದಕ್ಕ ಮುಂದಿನ ಸರ್ತಿ ಚೀಲ ಮನಿ ಬಾಗಲಿಗೆ ಬರೋಕಿಂತ ಮೊದ್ಲ ಒಂದು ಬುಡ ಕಿತ್ತು, ತೊಳದು, ಅಂಗಳದಾಗ ಇಡಸ್ರಿ. ಬೇರು ಬೆಳ್ಳಗ, ಕೆಂಪಗ ಇದ್ರ ಉಸಿರಾಡಾಕತ್ತೈತಿ. ಕರ್ರಗಾಗಿ ಕೊಳೆತ ತತ್ತಿ ವಾಸನಿ ಹೊಡದ್ರ ಮೊದ್ಲ ನೀರು ಬಸೀರಿ. ಒಂದು ಹಿಡಿ ಮಣ್ಣು ರೈತ ಸಂಪರ್ಕ ಕೇಂದ್ರಕ್ಕ ಪರೀಕ್ಷೆಗೆ ಕಳಸ್ರಿ, ಚೀಟಿ ಬಂದ ಮ್ಯಾಲೆ ಅಂಗಡಿ ಮಾತು. "ನಿನಗೇನು ತಿಳಿತೈತಿ" ಅಂದ್ರ ಹೇಳ್ರಿ: ಸಸಿ ಕಿತ್ತ ಕೈ ನಂದು, ಒತ್ತಿ ಬಿದ್ದ ಬೆಂಡೋಲೀನೂ ನಂದು.