ಬೀಟಲ್ಸ್‌ಗೆ 60 ತಾಸಿನ ರೀಲು, ನಮ್ಮ ಹಲಗಿಗೆ?



ಬೀಟಲ್ಸ್ ತಂಡದ ಬಗ್ಗೆ ಪೀಟರ್ ಜಾಕ್ಸನ್ 2021ರಲ್ಲಿ ಮಾಡಿದ ‘ಗೆಟ್ ಬ್ಯಾಕ್’ ಸಾಕ್ಷ್ಯಚಿತ್ರವನ್ನು ಜಲನಗರದ ಮನೆಯಲ್ಲಿ ಮೂರು ರಾತ್ರಿ ಕೂತು ನೋಡಿ ಮುಗಿಸಿದೆ. ಸುಮಾರು ಎಂಟು ತಾಸು ಐತಿ. “ನಿನಗ್ಯಾಕಪಾ ಆ ಬಿಳಿ ಮಂದಿ ಉಸಾಬರಿ?” ಅಂತ ಗೆಳೆಯರು ನಕ್ಕರು. ಯಾಕಂತ ಹೇಳ್ತೀನಿ.

1969ರ ಜನವರಿ, ಬರೀ ಒಂದು ತಿಂಗಳು. ಆ ನಾಲ್ವರು ಹಾಡು ಕಟ್ಟೋದನ್ನ ಸುಮಾರು 60 ತಾಸು ಚಿತ್ರೀಕರಿಸಿ ಇಟ್ಟಿದ್ದರು. ಅದರಿಂದ 1970ರಲ್ಲಿ ‘ಲೆಟ್ ಇಟ್ ಬಿ’ ಬಂದಾಗ, ಇದು ಮುರಿದುಬಿದ್ದ ತಂಡದ ಕತೆ ಅಂತ ಜನ ತಿಳಿದರು. 50 ವರ್ಷದ ಮೇಲೆ ಜಾಕ್ಸನ್ ಅದೇ ರೀಲು ಹೊರಗೆ ತೆಗೆದರೆ, ನಗುವ, ಜಗಳಾಡುವ, ಆಕಳಿಸುವ ಹುಡುಗರು ಕಂಡರು. ವಲಸಿಗರನ್ನು ಓಡಿಸಿ ಅನ್ನೋ ಮಂದಿಯನ್ನು ಅಣಕಿಸೋಕೆ ಆ ‘ಗೆಟ್ ಬ್ಯಾಕ್’ ಹಾಡು ಶುರುವಾಗಿತ್ತು ಅನ್ನೋದೂ ಅದರಾಗ ಕಾಣ್ತದ. ರೀಲು ಇತ್ತು, ಅದಕ್ಕೇ ಕತೆ ತಿದ್ದೋಕೆ ಬಂತು.

ನಮ್ಮದು? 70ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದಾಗ ಚಳವಳಿಯನ್ನು ಕೇರಿ ಕೇರಿಗೆ ಮುಟ್ಟಿಸಿದ್ದು ಭಾಷಣಕ್ಕಿಂತ ಹೆಚ್ಚಾಗಿ ಹಾಡು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಅಕ್ಷರ ಬಾರದವರಿಗೂ ಆ ಹಾಡುಗಳು ಬಾಯಿಪಾಠ. ಕವಿಯ ಹೆಸರು ಉಳೀತು, ಪುಸ್ತಕ ಉಳೀತು. ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ್, ಮೈಸೂರಿನ ಜನ್ನಿ ಅವರಂಥ ಕೆಲವರ ದನಿಯೂ ನಾಡಿಗೆ ಗೊತ್ತು. ಅವರ ಹಿಂದೆ ನಿಂತು ಹಲಗಿ ಬಾರಿಸಿದವರು, ಪಲ್ಲವಿ ಎತ್ತಿಕೊಟ್ಟ ಹೆಣ್ಣುಮಕ್ಕಳು ಎಲ್ಲದಾರ?

ಇದಕ್ಕೆ ಸರ್ಕಾರವನ್ನಷ್ಟೇ ಬೈದರೆ ಆಗಂಗಿಲ್ಲ. ವೇದಿಕೆ ಮೇಲೆ ಮಾತಾಡಿದವರ ಫೋಟೊ ನಾವು ಜೋಪಾನ ಮಾಡಿದೆವು, ಹಲಗಿಯವರನ್ನು ಚೌಕಟ್ಟಿನ ಹೊರಗೆ ಬಿಟ್ಟೆವು. ಜಾತಿ ವ್ಯವಸ್ಥೆ ಮಾಡೋದೂ ಇದನ್ನೇ ಅಲ್ಲೇನ್ರಿ? (ಈಗ ಏಪ್ರಿಲ್ 14ಕ್ಕೆ ಡಿಜೆ ಸದ್ದಿನಾಗ ಹಲಗಿ ಕೇಳೋದೂ ಇಲ್ಲ, ಅದು ಬೇರೆ ಜಗಳ.)

ಪಕ್ಕದ ಮಹಾರಾಷ್ಟ್ರ ನೋಡ್ರಿ. 1997ರ ಜುಲೈ 11ರಂದು ಮುಂಬೈನ ರಮಾಬಾಯಿ ನಗರದಲ್ಲಿ ಪೊಲೀಸರ ಗುಂಡಿಗೆ 10 ಮಂದಿ ಸತ್ತರು. ಆ ಸಂಕಟದಲ್ಲಿ ಕೆಲವೇ ದಿನಕ್ಕೆ ಶಾಹಿರ್ ವಿಲಾಸ್ ಘೋಗ್ರೆ ನೇಣು ಹಾಕಿಕೊಂಡರು. ಆನಂದ ಪಟವರ್ಧನ್ 14 ವರ್ಷ ತಿರುಗಿ ‘ಜೈ ಭೀಮ್ ಕಾಮ್ರೇಡ್’ ಮಾಡಿದರು. ಆದರೆ ಅದಕ್ಕೂ ಮುಂಚೆ, 80ರ ದಶಕದಲ್ಲೇ, ಮುಂಬೈ ಸ್ಲಮ್ಮಿನ ಚಿತ್ರಕ್ಕಾಗಿ ಘೋಗ್ರೆ ಹಾಡಿದ್ದನ್ನು ಅವರು ಹಿಡಿದಿಟ್ಟಿದ್ದರು. ಅದಕ್ಕೇ ಇವತ್ತು ಆ ಮನುಷ್ಯ ನಮ್ಮ ಕಣ್ಣ ಮುಂದೆ ಹಾಡ್ತಾನ.

ಸಿದ್ಧಲಿಂಗಯ್ಯನವರು 2021ರ ಜೂನ್‌ನಲ್ಲಿ ಕೊರೊನಾಕ್ಕೆ ಹೋದರು. ಅವರ ಹಾಡು ಹಾಡಿದ ತಲೆಮಾರಿಗೆ ಈಗ 70ರ ಮೇಲೆ.

ಬಬಲೇಶ್ವರ, ತಿಕೋಟಾ ಕಡೆ ಯಾರ ಮನೆಯಲ್ಲಾದರೂ ಹಳೇ ಜಾಥಾದ ಕ್ಯಾಸೆಟ್ಟು, ಹಾಡು ಬರೆದಿಟ್ಟ ನೋಟ್‌ಬುಕ್ಕು ಇದ್ದರೆ ತಿಳಿಸ್ರಿ, ನಾನೇ ಬರ್ತೀನಿ. ಬರೋ ಭಾನುವಾರ ನಮ್ಮ ಕೇರಿಯ ಹಲಗಿ ಕಾಕಾನಿಂದ ಶುರು. ಫೋನ್ ಮಾಡಿದ್ದೆ. “ವಿಡಿಯೊ ಏನರ ಮಾಡ್ಕೋ, ಮೊದಲ ಹಲಗಿ ಕಾಯಿಸಾಕ ಸೊಪ್ಪಿ ತಗೊಂಬಾ” ಅಂದಾನ.