ಹಿರಿಯರ ಚದುರಂಗ

ಕಳೆದ ತಿಂಗಳು ಒಂದು ಭಾನುವಾರದ ಮಧ್ಯಾಹ್ನ ನನ್ನ ಮೊಮ್ಮಗನು ಜಗಲಿಯಲ್ಲಿ ನನ್ನೊಡನೆ ಚದುರಂಗವಾಡುತ್ತ ಕುಳಿತಿದ್ದನು. ಹನ್ನೆರಡು ವರ್ಷದ ಹುಡುಗ. ಆಟದ ನಡುವೆ ನನ್ನ ಅಜಾಗರೂಕತೆಯಿಂದ ಮಂತ್ರಿಯು ಅವನ ಆನೆಯ ದಾರಿಗೆ ಅಡ್ಡವಾಗಿ ನಿಂತಿತು. ತಪ್ಪು ನನಗೆ ತಿಳಿಯಿತು. ಅವನಿಗೂ ತಿಳಿಯಿತೆಂಬುದನ್ನು ಅವನ ಕಣ್ಣುಗಳೇ ಹೇಳಿದವು. ಆದರೂ ಅವನು ಮೂಲೆಯ ಪದಾತಿಯೊಂದನ್ನು ಒಂದು ಮನೆ ಮುಂದಕ್ಕೆ ನೂಕಿ, ಬಳಿಕ ಹತ್ತೆಂಟು ನಡೆಗಳಲ್ಲಿ ಸೋತುಹೋದನು. ಒಳಗೆ ಹೋಗಿ, “ಅಮ್ಮಾ, ತಾತನಿಗೆ ಈ ದಿನ ಬಹಳ ಸಂತೋಷವಾಗಿದೆ” ಎಂದು ತಾಯಿಗೆ ಹೇಳಿದುದು ಜಗಲಿಯವರೆಗೂ ಕೇಳಿಸಿತು.

ಹುಡುಗನ ಹೃದಯವು ಒಳ್ಳೆಯದು, ಅದರಲ್ಲಿ ಸಂದೇಹವಿಲ್ಲ. ಆದರೆ ಮೂವತ್ತೆರಡು ವರ್ಷಕಾಲ ಮಕ್ಕಳ ತಪ್ಪನ್ನು ತಪ್ಪೆಂದೇ ತೋರಿಸಿ ತಿದ್ದಿದ ನನಗೆ ಆ ಗೆಲುವು ಗಂಟಲಲ್ಲಿ ಸಿಕ್ಕಿದ ಮುಳ್ಳಾಯಿತು. ಮನುಷ್ಯನಿಗೆ ವಯಸ್ಸಾದಂತೆ ಮನೆಯವರು ಅವನ ಲೆಕ್ಕವನ್ನು ಸಡಿಲವಾಗಿ ಬರೆಯತೊಡಗುತ್ತಾರೆ. ಇದು ಪ್ರೀತಿಯೇ ಸರಿ. ಆದರೂ “ಇವನಿಂದ ಇನ್ನು ಏನೂ ಆಗದು” ಎಂಬ ತೀರ್ಪು ಆ ಪ್ರೀತಿಯೊಳಗೆ ಅಡಗಿರುವುದನ್ನು ವೃದ್ಧನು ಬಲ್ಲನು.

ಈ ವ್ಯಸನದಲ್ಲಿರುವಾಗಲೇ ಹಿರಿಯರ ಚದುರಂಗ ಪಂದ್ಯಗಳ ವಿಚಾರವಾಗಿ ಓದಲಾರಂಭಿಸಿದೆನು. ವಾಚಕ ಮಹಾಶಯರಿಗೂ ಅದು ರುಚಿಸೀತೆಂದು ಇಲ್ಲಿ ನಿವೇದಿಸುತ್ತೇನೆ.

ಫಿಡೆ ಎಂಬ ಅಂತರರಾಷ್ಟ್ರೀಯ ಚದುರಂಗ ಸಂಸ್ಥೆಯು ಹಿರಿಯರ ವಿಶ್ವಪಂದ್ಯವನ್ನು 1991ರಲ್ಲಿ ಜರ್ಮನಿ ದೇಶದ ಬಾಡ್ ವೋರಿಸ್‌ಹೋಫೆನ್ ಎಂಬ ಊರಿನಲ್ಲಿ ಮೊದಲಾಗಿ ನಡೆಸಿತು. ಅದರಲ್ಲಿ ಜಯಶಾಲಿಯಾದವರು ರಷ್ಯದ ವಾಸಿಲಿ ಸ್ಮಿಸ್ಲೋವ್. 1957ರಲ್ಲಿ ಜಗಜ್ಜೇತರಾಗಿದ್ದ ಈ ಮಹನೀಯರಿಗೆ ಆಗ 70 ವರ್ಷ. ಮೊದಲು ಪುರುಷರಿಗೆ 60, ಸ್ತ್ರೀಯರಿಗೆ 50 ವರ್ಷ ಎಂಬ ಮಿತಿಯಿತ್ತು. 2014ರಿಂದ ಇದನ್ನು ಬದಲಾಯಿಸಿ, 50 ದಾಟಿದವರದು ಒಂದು ವರ್ಗ, 65 ದಾಟಿದವರದು ಇನ್ನೊಂದು ವರ್ಗ ಎಂದು ವಿಂಗಡಿಸಿದರು. 61 ವರ್ಷದ ನಾನು ಮೊದಲನೆಯ ವರ್ಗದಲ್ಲಿ ಮುದುಕ. ಇನ್ನು ನಾಲ್ಕು ವರ್ಷ ಭಗವಂತನು ಉಳಿಸಿದರೆ ಎರಡನೆಯ ವರ್ಗದಲ್ಲಿ ಬಾಲಕನಾಗುವೆನು!

ಈ ಪಂದ್ಯಗಳ ಕ್ರಮವು ನನ್ನ ಮನಸ್ಸಿಗೆ ಬಹಳ ಒಪ್ಪಿತು. ಇಲ್ಲಿ ಸ್ವಿಸ್ ಪದ್ಧತಿಯಂತೆ ಆಡುತ್ತಾರೆ. 1895ರಲ್ಲಿ ಜ್ಯೂರಿಕ್ ನಗರದಲ್ಲಿ ಮೊದಲು ಬಳಕೆಗೆ ಬಂದುದರಿಂದ ಅದಕ್ಕೆ ಆ ಹೆಸರು. ಇದರಲ್ಲಿ ಸೋತವನನ್ನು ಮನೆಗೆ ಕಳುಹಿಸುವುದಿಲ್ಲ. ಪ್ರತಿಯೊಂದು ಸುತ್ತಿನಲ್ಲಿಯೂ ಸಮಾನ ಅಂಕಗಳುಳ್ಳವರನ್ನು ಎದುರುಬದುರಾಗಿ ಕೂಡಿಸುತ್ತಾರೆ. ಆದುದರಿಂದ ಎರಡು ಮೂರು ಆಟಗಳು ಮುಗಿಯುವಷ್ಟರಲ್ಲಿ ಪ್ರತಿಯೊಬ್ಬನಿಗೂ ತನಗೆ ತಕ್ಕ ಜೊತೆಯು ದೊರೆಯುತ್ತದೆ; ಕೊನೆಯ ಮೇಜಿನವರೂ ಕೊನೆಯ ಸುತ್ತಿನವರೆಗೆ ಆಡುತ್ತಾರೆ. ಕಾಲದ ವಿಷಯದಲ್ಲಿಯೂ ಒಂದು ಅನುಕೂಲವುಂಟು. ಗಡಿಯಾರವು ಪ್ರತಿಯೊಂದು ನಡೆಗೂ 30 ಸೆಕೆಂಡುಗಳನ್ನು ಸೇರಿಸುತ್ತ ಹೋಗುವ ಏರ್ಪಾಡಿದ್ದರೆ, ಕೈ ನಡುಗುವುದೆಂಬ ಒಂದೇ ಕಾರಣದಿಂದ ಗೆದ್ದ ಆಟವನ್ನು ಯಾರೂ ಕಳೆದುಕೊಳ್ಳಬೇಕಾಗಿಲ್ಲ. ನಿಯಮದಲ್ಲಿ ಮಾತ್ರ ಎಳ್ಳಷ್ಟೂ ರಿಯಾಯಿತಿಯಿಲ್ಲ.

ವಿಕ್ಟರ್ ಕೊರ್ಚ್‌ನೊಯ್ ಎಂಬವರು 1978 ಮತ್ತು 1981ರಲ್ಲಿ ಜಗಜ್ಜೇತರ ಪದವಿಗಾಗಿ ಹೋರಾಡಿ ಸೋತರು. ಅದೇ ಪುರುಷರು 2006ರಲ್ಲಿ, ತಮ್ಮ 75ನೆಯ ವಯಸ್ಸಿನಲ್ಲಿ, ಇಟಲಿಯಲ್ಲಿ ಹಿರಿಯರ ವಿಶ್ವಪದವಿಯನ್ನು ಪಡೆದರು. ಸೋದರಿಯರು ಜಾರ್ಜಿಯ ದೇಶದ ನೋನಾ ಗಪ್ರಿಂದಾಶ್ವಿಲಿಯವರ ಹೆಸರನ್ನು ನೆನಪಿನಲ್ಲಿಡಬೇಕು. 1962ರಿಂದ 1978ರವರೆಗೆ ಸ್ತ್ರೀಯರಲ್ಲಿ ಜಗದಗ್ರಗಣ್ಯರಾಗಿದ್ದ ಆಕೆಯು 2022ರಲ್ಲಿ, 81ನೆಯ ವಯಸ್ಸಿನಲ್ಲಿ, ಹಿರಿಯ ಸ್ತ್ರೀಯರ ವಿಶ್ವಪಂದ್ಯವನ್ನು ಮತ್ತೊಮ್ಮೆ ಗೆದ್ದರು. ನಮ್ಮಲ್ಲಿ ಆ ವಯಸ್ಸಿನ ಅಜ್ಜಿಯ ಮುಂದೆ ಮಣೆಯನ್ನಿಡಬೇಕೆಂದು ಎಷ್ಟು ಮನೆಗಳಲ್ಲಿ ತೋಚೀತು?

ಈ ಆಟವು ನಮಗೆ ಪರಕೀಯವೂ ಅಲ್ಲ. ಏಳನೆಯ ಶತಮಾನದ ಬಾಣಭಟ್ಟನ ಹರ್ಷಚರಿತದಲ್ಲಿ ಚತುರಂಗದ ಪ್ರಸ್ತಾಪವಿದೆ. ಕುದುರೆಯ ನಡೆಯನ್ನನುಸರಿಸಿ ಅಕ್ಷರಗಳನ್ನು ಜೋಡಿಸುವ ತುರಗಪದವೆಂಬ ಚಿತ್ರಬಂಧವನ್ನು ಅಲಂಕಾರಶಾಸ್ತ್ರಜ್ಞನಾದ ರುದ್ರಟನು ರಚಿಸಿದನು. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರವರಾದರೋ, ಕುದುರೆಯು 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಬಂಧಗಳನ್ನು ಕಟ್ಟಿ ಪ್ರಸಿದ್ಧರಾದರು.

ಇಷ್ಟನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಪಕ್ಕದ ಊರಿನಲ್ಲಿ ಐವತ್ತು ಮೀರಿದವರಿಗಾಗಿ ಎರಡು ದಿನಗಳ ಸಣ್ಣ ಪಂದ್ಯವೊಂದು ಏರ್ಪಟ್ಟಿತ್ತು, ಹೆಸರು ಕೊಟ್ಟೆನು. “ಈ ವಯಸ್ಸಿನಲ್ಲಿ ನಿಮಗಿದೆಲ್ಲ ಏಕೆ? ಸೋತು ಮುಖ ಸಣ್ಣದು ಮಾಡಿಕೊಂಡು ಬರುತ್ತೀರಿ” ಎಂದು ನನ್ನ ಗೃಹಿಣಿಯು ಆಕ್ಷೇಪಿಸಿದಳು. ಆದರೂ ಮೊಸರನ್ನದ ಡಬ್ಬಿಯನ್ನು ಕಟ್ಟಿಕೊಟ್ಟಳು.

ಮೊದಲನೆಯ ಸುತ್ತಿನಲ್ಲಿ ನನ್ನೆದುರಿಗೆ ಕುಳಿತವರು ಎಪ್ಪತ್ತು ದಾಟಿದ ನಿವೃತ್ತ ಅಂಚೆಯವರು. ಆಟವು ಸಮಸಮವಾಗಿ ನಡೆದಿತ್ತು. ಮನೆಯಲ್ಲಿ ಆಡುವ ಅಭ್ಯಾಸಬಲದಿಂದ ನಾನು ಕುದುರೆಯನ್ನು ಮುಟ್ಟಿ, ಮನಸ್ಸು ಬದಲಾಯಿಸಿ, ಆನೆಯ ಕಡೆಗೆ ಕೈ ಚಾಚಿದೆನು. ಅವರು ತಲೆಯೆತ್ತಿ, “ಮೇಷ್ಟ್ರೇ, ತಾವು ಕುದುರೆಯನ್ನು ಮುಟ್ಟಿದಿರಿ” ಎಂದರು. ಮುಟ್ಟಿದ ಕಾಯನ್ನೇ ನಡೆಸಬೇಕೆಂಬುದು ಪಂದ್ಯದ ನಿಯಮ. ಕುದುರೆಯನ್ನೇ ನಡೆಸಿದೆನು, ಸೋತೆನು. ಆದರೆ ಆಟ ಮುಗಿದ ಮೇಲೆ ಅವರು ಎದ್ದುಹೋಗದೆ, ಅರ್ಧ ಗಂಟೆ ನನ್ನ ಬಳಿಯೇ ಕುಳಿತು, ನಾನು ಎಲ್ಲಿ ಗೆಲ್ಲಬಹುದಾಗಿತ್ತೆಂಬುದನ್ನು ಕಾಯಿಗಳನ್ನಿಟ್ಟು ತೋರಿಸಿದರು. ಬಹುದಿನಗಳ ಮೇಲೆ ಒಬ್ಬರು ನನ್ನನ್ನು ಸಮಾನನೆಂದು ಎಣಿಸಿದರು. ಐದು ಆಟಗಳಲ್ಲಿ ಎರಡನ್ನು ಗೆದ್ದು ಹಿಂದಿರುಗಿದೆನು. ಮುಖ ಸಣ್ಣದಾಗಿರಲಿಲ್ಲ.

ಚದುರಂಗವು ಮರೆವಿಗೆ ದಿವ್ಯೌಷಧವೆಂದು ನಾನು ಸಾರುವವನಲ್ಲ. ಅಂತಹ ಮಾತುಗಳನ್ನು ವೈದ್ಯರಿಗೆ ಬಿಡೋಣ. ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ನಿಮ್ಮ ಮನೆಯ ಹಿರಿಯರಿಗೆ ಆಟದಲ್ಲಿ ಆಸಕ್ತಿಯಿದ್ದರೆ ಅವರನ್ನು ಪಂದ್ಯಕ್ಕೆ ಕಳುಹಿಸಿಕೊಡಿ. ಹೊತ್ತಿಗೆ ಸರಿಯಾದ ಊಟ, ನೇರ ಬೆನ್ನಿನ ಕುರ್ಚಿ, ಕಣ್ಣಿಗೆ ಸಾಕಷ್ಟು ಬೆಳಕು, ಸುತ್ತುಗಳ ನಡುವೆ ವಿಶ್ರಾಂತಿ, ಇವು ಅವರಿಗೆ ಬೇಕಾದ ಉಪಚಾರ. ಸುಳ್ಳು ಗೆಲುವು ಮಾತ್ರ ಬೇಡ.

ಊರಿನಿಂದ ಬಂದ ರಾತ್ರಿಯೇ ಮೊಮ್ಮಗನನ್ನು ಕರೆದು, “ಮಗು, ಅಂದು ನನ್ನ ಮಂತ್ರಿಯನ್ನು ಏಕೆ ಬಿಟ್ಟೆ?” ಎಂದು ಕೇಳಿದೆನು. ಅವನು ತಲೆ ತಗ್ಗಿಸಿದನು. ಅಂಚೆಯವರ ಸಂಗತಿಯನ್ನು ಹೇಳಿ, ಮಣೆಯನ್ನು ಹಾಸಿದೆನು. ಇಪ್ಪತ್ತೆರಡನೆಯ ನಡೆಯಲ್ಲಿ ನನ್ನ ಕೈ ಮತ್ತೆ ತಪ್ಪಿತು. ಅವನು ಕ್ಷಣಕಾಲ ನನ್ನ ಮುಖವನ್ನು ನೋಡಿ, “ತಾತ, ನಿಮ್ಮ ಮಂತ್ರಿ ಹೋಯಿತು” ಎಂದು ಅದನ್ನು ಎತ್ತಿ ಪಕ್ಕಕ್ಕಿಟ್ಟನು. ಆ ರಾತ್ರಿ ನನಗೆ ಚೆನ್ನಾಗಿ ನಿದ್ರೆ ಬಂದಿತು.